ಕೋವಿ ಇರುವ ನರ್ಸು

ಮೇಟಗಳ್ಳಿಯ ನರ್ಸಿಂಗ್ ಹೋಮಿನಲ್ಲಿ ನರ್ಸ್ ಸಂಘಮಿತ್ರ ಡ್ರಿಪ್ ಹಾಕಲು ಚಲುವಮ್ಮನ ಕೈ ಹಿಡಿದ ಕೂಡಲೇ ಮಗ ಮಹದೇವು ಅಡ್ಡ ಬಂದ. "ಬ್ಯಾಡ ಕಣಮ್ಮ. ನಿಮ್ಮತ್ರ ಕೋವಿ ಐತಂತೆ, ವಾರ್ಡೆಲ್ಲ ಮಾತಾಡ್ತಾವ್ರೆ. ಬೇರೆಯವರನ್ನ ಕಳಿಸಿ."

"ಹೊಲ ಕಾಯಕ್ಕೆ ಅಪ್ಪ ಇಟ್ಕೊಂಡಿದ್ದು. ಅವರು ಹೋದ್ಮೇಲೆ ಲೈಸೆನ್ಸ್ ನನಗೆ ಬಂತು. ನಮ್ಮ ಡಾಕ್ಟ್ರ ಹತ್ರನೂ ಇದೆಯಲ್ಲ?"

"ಅವರು ಗಂಡಸರು, ಬುಡಿ."

ಅವಳು ಹಲ್ಲು ಕಚ್ಚಿಕೊಂಡು ಹೊರಬಂದಳು. ಹೊಸ ನರ್ಸ್ ಮೂರು ಸಲ ಚುಚ್ಚಿದರೂ ನರ ಸಿಗಲಿಲ್ಲ. ಮುದುಕಿ ನೋವಿಗೆ ಅಳತೊಡಗಿದಾಗ ಮಹದೇವು ತಾನೇ ಹೋಗಿ ಸಂಘಮಿತ್ರಳನ್ನು ಕರೆತಂದ. ಅವಳ ಸೂಜಿ ಮೊದಲ ಸಲಕ್ಕೇ ಕೂತಿತು.

ಮಹದೇವು ನಕ್ಕ. "ಕೋವಿ ಹಿಡಿಯೋ ಕೈಯಲ್ವಾ, ಗುರಿ ತಪ್ಪಕಿಲ್ಲ!"

ಸಂಘಮಿತ್ರ ನಗಲಿಲ್ಲ. "ಆ ಕೋವಿನ ನಾನಿನ್ನೂ ಒಂದ್ಸಲನೂ ಹಾರಿಸಿಲ್ಲ ಕಣ್ರೀ. ಸೂಜಿ ಹಿಡಿದು ಹದಿನಾಲ್ಕು ವರ್ಷ ಆಯ್ತು."