ಅಪ್ಪನ ಸಾಲು

ಅಮ್ಮನ ಬೆರಳು ಪರದೆಯ ಮೇಲೆ ಒಂದು ಸಾಲಿನ ಹತ್ತಿರ ಬಂದು ನಿಂತುಬಿಟ್ಟಿತು: ‘ಮದುಮಗಳನ್ನು ಅಪ್ಪ ಕಾರಿನಲ್ಲಿ ಕರೆತರುವುದು.’ ತಂಗಿಯ ಮದುವೆ ದಿನದ ವೇಳಾಪಟ್ಟಿಗೆಂದು, ಯಾರು ಬೇಕಾದರೂ ತಾವೇ ತಿದ್ದಬಹುದಾದ ಈ ವೆಬ್‌ಸೈಟನ್ನು ಹಿರಿಮಗಳು ಕಟ್ಟಲು ಕೂತಾಗ, “ಡ್ರೈವರ್ ನಾನೇ, ಬೇರೆ ಯಾರೂ ಬೇಡ” ಎಂದು ಅಪ್ಪನೇ ಪಕ್ಕದಲ್ಲಿ ನಿಂತು ಬರೆಸಿದ ಸಾಲು ಅದು. ಅಪ್ಪ ತೀರಿಕೊಂಡು ಇನ್ನೂ ತಿಂಗಳಾಗಿರಲಿಲ್ಲ.

“ಹೆದರ್ಬೇಡಮ್ಮ, ಒತ್ತು. ನಿಂಗೆ ಬಂದ್ರೆ ಊರಿಗೆಲ್ಲ ಬಂದ ಹಾಗೆ,” ಎಂದಳು ಮಗಳು, ನಗಿಸಲು ನೋಡುತ್ತ.

“ಅಂದ್ರೆ ಊರಿಗೆಲ್ಲ ನಾನೇ ದಡ್ಡಿ ಅಂತ ತಾನೆ?” ಎನ್ನುತ್ತ ಅಮ್ಮ ಅಳಿಸುವ ಗುರುತನ್ನು ಒತ್ತಿದಳು. ಸಾಲು ಮಾಯವಾಯಿತು. ಕೆಳಗಿದ್ದ ಫೋಟೊ, ಊಟ, ಎಲ್ಲವೂ ಸರಸರನೆ ಮೇಲೇರಿ, ಅಲ್ಲಿ ಏನೂ ಇರಲೇ ಇಲ್ಲವೆಂಬಂತೆ ಕೂತವು. ಈ ಒಂದು ಚಮತ್ಕಾರಕ್ಕಾಗಿ ಮಗಳು ವಾರಗಟ್ಟಲೆ ತಲೆ ಕೆಡಿಸಿಕೊಂಡಿದ್ದಳು.

“ಚೆನ್ನಾಗಿ ಮಾಡಿದೀಯ ಕಣೇ,” ಎಂದಳು ಅಮ್ಮ, ಒತ್ತಿದ ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಳ್ಳುತ್ತ. “ಆದ್ರೆ ಆ ಜಾಗ ಸ್ವಲ್ಪ ಹೊತ್ತು ಖಾಲಿನೇ ಇರ್ಲಿ ಅಂದ್ರೆ, ಎಲ್ಲಿ ಒತ್ಬೇಕು?”

ಮಗಳು ತಾನೇ ಕಟ್ಟಿದ್ದನ್ನು ಮೊದಲ ಸಲ ನೋಡುವವಳಂತೆ ಮೇಲಿನಿಂದ ಕೆಳಗೆ ಹುಡುಕಿದಳು. ಅಂಥದ್ದೊಂದು ಗುಂಡಿಯನ್ನು ಅವಳು ಇಟ್ಟೇ ಇರಲಿಲ್ಲ.