ಕಿವಿಯಂತ್ರದ ನಾಡಿ

ಯಂತ್ರಗಳಿಗೆ ತಾಳ ಕೊಡುತ್ತಿದ್ದ ಸ್ಫಟಿಕಗಳೆಲ್ಲ ಮಿಡಿಯುವುದನ್ನು ನಿಲ್ಲಿಸಿದ ಮೇಲೆ, ಚಿಪ್‌ಗೆ ಪ್ರೋಗ್ರಾಂ ತುಂಬಲು ಮನುಷ್ಯರ ನಾಡಿಯೇ ಗಡಿಯಾರವಾಗಿತ್ತು. ಮೊದಲ ಸಲ ಯಾರು ನಾಡಿ ಕೊಟ್ಟರೋ, ಮುಂದೆಯೂ ಅವರ ಬೆರಳು ತಾಗಿದರಷ್ಟೇ ಆ ಚಿಪ್ ಏಳುತ್ತಿತ್ತು.

ಹೆಂಡತಿಯ ಕೆಟ್ಟ ಕಿವಿಯಂತ್ರ ತಂದಿದ್ದ ಚನ್ನವೀರಪ್ಪ ಅದರ ಚಿಪ್‌ಗೆ ಜೋಡಿಸಿದ್ದ ತಂತಿಯ ಮೇಲೆ ಬೆರಳಿಟ್ಟು ಕಣ್ಣು ಮುಚ್ಚಿದ. ಚಿಪ್ ಏಳಲಿಲ್ಲ. ರಿಪೇರಿ ಅಂಗಡಿಯ ಶಶಿಕಲಾಳಿಗೆ ತನ್ನ ಹಳೆಯ ತಪ್ಪು ನೆನಪಾಯಿತು. ಮೂರು ವರ್ಷದ ಹಿಂದೆ ನಾಡಿ ಕೊಡಲು ಬರಬೇಕಿದ್ದ ಅವನಿಗಾಗಿ ಕಾಯಲು ಬೇಸರಪಟ್ಟು, ಇದೇ ಯಂತ್ರಕ್ಕೆ ತನ್ನ ನಾಡಿಯನ್ನೇ ಕೊಟ್ಟು ಕೆಲಸ ಮುಗಿಸಿದ್ದಳು. ಈಗ ಕಳ್ಳಿಯಂತೆ ತಂತಿಯ ಇನ್ನೊಂದು ತುದಿ ಮುಟ್ಟಿದಳು. ದೀಪ ಮಿನುಗಿತು.

"ಗುರ್ತು ಹಿಡೀತು ನೋಡ್ರೀ ಅಕ್ಕಾರ!" ಎಂದು ಅವನು ಕಣ್ಣು ತೆರೆದ. "ಇದರಾಗ ನನ್ನ ಎದಿ ಬಡಿತ ಕೇಳತೈತಂತ್ರೀ ನಮ್ಮ ಮನಿಯಾಕಿಗೆ."

ಶಶಿಕಲಾ ತಂತಿಯ ತುದಿಯನ್ನು ಇನ್ನೂ ಬಿಗಿಯಾಗಿ ಒತ್ತಿಹಿಡಿದಳು. ದೀಪ ದಡಬಡ ಮಿನುಗತೊಡಗಿತು.

"ನಾ ಸುಮ್ನ ಕುಂತೀನಲ್ರೀ," ಎಂದ ಚನ್ನವೀರಪ್ಪ. "ಇದ್ಯಾಕ ಹಿಂಗ ಓಡಾಕತ್ತೈತಿ?"