ಅರ್ಧ ಕರಗಿದ ಕಲ್ಲು

ಕಲ್ಲಿನ ಇನ್ನೊಂದು ಹೋಳು ಸಿಗದಿದ್ದರೆ ಕೀರ್ತನಾ ತೆರಬೇಕಾದ ಬೆಲೆ ಇಷ್ಟು: ಐದು ವರ್ಷದ ಓದು, ಬರಲಿದ್ದ ಡಾಕ್ಟರೇಟು, ಸೋದರಮಾವನ ಮೇಲಿನ ನಂಬಿಕೆ. ಕೊನೆಯದು ಆಗಲೇ ಅರ್ಧ ಹೋಗಿತ್ತು.

ಬೇಸಿಗೆಯಲ್ಲಿ ಕೊಕ್ಕನೂರಿನ ಮಾವ ಉಚ್ಚೆಂಗಪ್ಪನ ಹೊಲಕ್ಕೆ ಆಕಾಶದಿಂದ ಕಲ್ಲೊಂದು ಬಿದ್ದು ಎರಡು ಹೋಳಾಯಿತು. ಉಲ್ಕೆಗಳ ಮೇಲೆಯೇ ಸಂಶೋಧನೆ ನಡೆಸುತ್ತಿದ್ದ ಅಕ್ಕನ ಮಗಳು ಕೀರ್ತನಾಳಿಗೆ ಒಂದು ಹೋಳನ್ನು ಅವನೇ ವಾರ ಬಿಟ್ಟು ಪೇಟೆಯ ನಿಜಲಿಂಗಪ್ಪ ಬಡಾವಣೆಯ ಅವಳ ಮನೆಗೆ ತಂದುಕೊಟ್ಟ. "ಹಿಡಿ ತಾಯಿ, ಇನ್ನೇನು ಅಂಜಿಕಿ ಇಲ್ಲ," ಎಂದಿದ್ದ.

ಅದನ್ನು ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದ ಕೀರ್ತನಾ ಊಟ ಮರೆತಳು. ಭೂಮಿಗಿಂತ ಹಳೆಯ ಇಂಥ ಕಲ್ಲುಗಳಲ್ಲಿ ದುಂಡನೆಯ ಕಾಳುಗಳು ಇದ್ದ ಹಾಗೇ ಉಳಿದಿರುತ್ತವೆ. ಇದರಲ್ಲಿ ಕಾಳುಗಳ ಅಂಚು ಕರಗಿತ್ತು. ನಡುವೆ ಕಬ್ಬಿಣ ಹರಿದು ಹೆಪ್ಪುಗಟ್ಟಿತ್ತು. ಕರಗಲು ಶುರುವಾಗಿ ಅರ್ಧಕ್ಕೇ ನಿಂತ ಕಲ್ಲು! ಸೌರಮಂಡಲದ ಮೊದಲ ಕಾವಿಗೆ ಅಪರೂಪದ ಸಾಕ್ಷಿ. ಐದು ವರ್ಷದ ಓದಿಗೆ ಇದನ್ನೇ ಆಧಾರ ಮಾಡಿ ಪ್ರಬಂಧ ಬರೆದೇಬಿಟ್ಟಳು.

"ಇನ್ನೊಂದು ಹೋಳಲ್ಲೂ ಇದೇ ಕಂಡರೆ ಒಪ್ಪುತ್ತೇನೆ," ಎಂದರು ಅವಳ ಗೈಡ್.

ಫೋನಿನಲ್ಲಿ ಮಾವನದು ಒಂದೇ ರಾಗ. "ನಿನ್ನ ಹೆರಿಗಿ ಆಗ್ಲಿ, ಆಮ್ಯಾಲೆ ನೋಡಾಣ."

"ಹೆರಿಗೆಗೂ ಕಲ್ಲಿಗೂ ಏನು ಸಂಬಂಧ ಮಾವ?"

"ನಿನಗೆ ಆಗೋದನ್ನ ಕೊಟ್ಟೀನಲ್ಲ. ಇದು ಬ್ಯಾಡ."

ಹರಿಹರದ ಗುಜರಿ ವ್ಯಾಪಾರಿಯೊಬ್ಬ ಮಾವನ ಮನೆಗೆ ಬಂದುಹೋದ ಸುದ್ದಿ ಊರಿನವರಿಂದ ಅವಳ ಕಿವಿಗೆ ಬಿತ್ತು. ತುಂಬಿದ ಹೊಟ್ಟೆ ಹೊತ್ತು ಕೀರ್ತನಾ ಬಸ್ಸು ಹತ್ತಿದಳು.

"ಎಷ್ಟಕ್ಕೆ ಮಾರಿದ್ರಿ?"

ಉಚ್ಚೆಂಗಪ್ಪನ ಮುಖ ಇಳಿಯಿತು. "ನಿನ್ನ ಕಲ್ಲು ಮಾರಿ ನಾನೇನು ಮಾಳಿಗಿ ಕಟ್ಟಿಸ್ತೀನಾ? ಬಂದಿದ್ದ ಒಬ್ಬ, ಬೈದು ಕಳಿಸ್ದೆ. ಅಲ್ಲೇ ನಿಲ್ಲು, ಹತ್ರ ಬರಬ್ಯಾಡ." ಕೊಟ್ಟಿಗೆಯ ಅಟ್ಟದಿಂದ ಗೋಣಿಯ ಗಂಟೊಂದನ್ನು ಇಳಿಸಿದ.

ಅವಳು ನಿಲ್ಲಲಿಲ್ಲ. ಗಂಟು ಬಿಚ್ಚಿ, ಒಡೆದ ಮೈಗೆ ಭೂತಗನ್ನಡಿ ಹಿಡಿದಳು. ದುಂಡು ಕಾಳುಗಳು, ಈಗ ತಾನೇ ಚೆಲ್ಲಿದ ಸಾಸಿವೆಯ ಹಾಗೆ. ಕರಗಿದ ಗುರುತು ಎಲ್ಲಿಯೂ ಇಲ್ಲ. ಒಂದೇ ಕಲ್ಲು, ಒಂದೇ ಹೊಲ. ಅದು ಹೇಗೆ ಕರಗಿತು, ಇದು ಹೇಗೆ ಉಳಿಯಿತು?

"ಮುಟ್ಟೇಬಿಟ್ಯಲ್ಲೇ!" ಮಾವ ಕಲ್ಲನ್ನು ಕಸಿದುಕೊಂಡ. "ಗ್ರಹಣದ ನೆರಳೇ ಬಸುರಿಗೆ ಆಗಂಗಿಲ್ಲ. ಇದು ಮ್ಯಾಲಿಂದ ಬಿದ್ದದ್ದು, ಇನ್ನೂ ದೋಷ ಕಳೆದಿಲ್ಲ."

"ನನಗೆ ಕೊಟ್ಟ ಹೋಳಿನ ದೋಷ?"

"ಕಳೆಯದೆ ಕೊಡ್ತೀನೇನು? ಕಮ್ಮಾರ ರೇವಣ್ಣನ ಕುಲುಮಿಗೆ ಹಾಕ್ಸಿ, ದಿನವಿಡೀ ತಿದಿ ಒತ್ಸಿ, ಬೆಳ್ಳಗೆ ಕಾಸ್ದೆ. ಇದಕ್ಕೆ ಇದ್ದಲಿ ಸಾಲಲಿಲ್ಲ ನೋಡು."

ಭೂಮಿ ಹುಟ್ಟುವ ಮೊದಲಿನದೆಂದು ಕೀರ್ತನಾ ಬರೆದಿದ್ದ ಕಾವು ರೇವಣ್ಣನ ಕುಲುಮೆಯದು, ಪ್ರಬಂಧ ಹೋಯಿತು.